ಪೊಸಿಷನ್‌ವಾರು ಪಟ್ಟಿ: ಸೀಸನ್‌ಗೆ ಮುಂಚೆ ವಾದ ಮಾಡುವ ಕ್ರಮ

"ನಮ್ಮ ಕಡೆ ನಂಬರ್ ಒನ್ ಪಾಯಿಂಟ್ ಗಾರ್ಡ್ ಯಾರು?" ಹಾಸನದಲ್ಲಿ ಇಂಟರ್‌ಕಾಲೇಜ್ ಬ್ಯಾಸ್ಕೆಟ್‌ಬಾಲ್ ತಾರೀಖು ಗೊತ್ತಾದ ವಾರ ಈ ಪ್ರಶ್ನೆ ಕ್ಯಾಂಟೀನಿಗೆ ಬಂತೆಂದರೆ ಎರಡು ರೌಂಡ್ ಟೀ ಮುಗಿದರೂ ತೀರ್ಮಾನವಾಗುವುದಿಲ್ಲ. ಒಬ್ಬನಿಗೆ ಪಾಯಿಂಟ್ ಗಾರ್ಡ್ ಅಂದರೆ ಚೆಂಡು ತರುವವನು, ಇನ್ನೊಬ್ಬನಿಗೆ ತಂಡದಲ್ಲೆಲ್ಲ ಕುಳ್ಳಗಿರುವವನು, ಮೂರನೆಯವನಿಗೆ 4ನೇ ನಂಬರ್ ಜೆರ್ಸಿಯ ಕ್ಯಾಪ್ಟನ್. ಮೂವರ ತಲೆಯಲ್ಲೂ ಬೇರೆ ಬೇರೆ ಪಟ್ಟಿ. ಮೊದಲು ಯಾರ ಪೊಸಿಷನ್ ಯಾವುದು ಅನ್ನುವುದು ಇತ್ಯರ್ಥವಾಗಲಿ. ಯಾರು ಮೇಲೆ, ಯಾರು ಕೆಳಗೆ ಅನ್ನುವುದು ಆಮೇಲೆ.

ಇದಕ್ಕೆ ಒಂದು ಕ್ವಾರ್ಟರ್, ಅಂದರೆ 10 ನಿಮಿಷದ ಆಟ ನೋಡಿದರೆ ಸಾಕು. ಮೂರು ಸಂಗತಿ ಗಮನಿಸಿ. ರೀಬೌಂಡ್ (ತಪ್ಪಿದ ಶಾಟಿನಿಂದ ಮರಳಿದ ಚೆಂಡು) ಸಿಕ್ಕ ಮೇಲೆ 8 ಸೆಕೆಂಡಿನೊಳಗೆ ಅರ್ಧ ಅಂಗಳ ದಾಟಿಸಲು ಚೆಂಡು ಯಾರ ಕೈಗೆ ಹೋಗುತ್ತದೆ? ಚೆಂಡು ಇಲ್ಲದಾಗ ಆಟಗಾರ ಎಲ್ಲಿ ನಿಲ್ಲುತ್ತಾನೆ? ಡಿಫೆನ್ಸಿನಲ್ಲಿ ಯಾರನ್ನು ಹಿಡಿಯುತ್ತಾನೆ? ಮೊದಲೆರಡು ಉತ್ತರ ಒಂದಕ್ಕೊಂದು ಹೊಂದದಿದ್ದರೆ ಮೂರನೆಯದೇ ಅಂತಿಮ. ಅಟ್ಯಾಕ್‌ನಲ್ಲಿ ಎಲ್ಲಿ ಬೇಕಾದರೂ ನಿಲ್ಲಬಹುದು, ಡಿಫೆನ್ಸಿನಲ್ಲಿ ಎದುರಾಳಿಯೇ ನಿಮ್ಮ ಜಾಗ ಹೇಳುತ್ತಾನೆ. ಝೋನ್ ಡಿಫೆನ್ಸ್ (ಆಳನ್ನಲ್ಲ, ಜಾಗವನ್ನು ಕಾಯುವುದು) ಆಡುವ ತಂಡವಾದರೆ 2-3ರಲ್ಲಿ, ಅಂದರೆ ಮುಂದೆ ಇಬ್ಬರು ಹಿಂದೆ ಮೂವರು ನಿಂತಾಗ, ಮುಂದಿನ ಇಬ್ಬರು ಗಾರ್ಡ್, ಹಿಂದಿನ ಸಾಲಿನ ನಡುವಿನವನು ಸೆಂಟರ್. ಬದಿಯ ಇಬ್ಬರ ಬಗ್ಗೆ ಮಾತ್ರ ವಾದ ಉಳಿಯುತ್ತದೆ.

ಅಮೆರಿಕದ ಕಾಲೇಜು ಆಟದಲ್ಲಿ ಐದು ಪೊಸಿಷನ್ನಿಗೂ ಬೇರೆ ಬೇರೆ ಪ್ರಶಸ್ತಿಯಿದೆ. ಪುರುಷರಲ್ಲಿ ಪಾಯಿಂಟ್ ಗಾರ್ಡ್‌ಗೆ ಬಾಬ್ ಕೂಸಿ, ಶೂಟಿಂಗ್ ಗಾರ್ಡ್‌ಗೆ ಜೆರ್ರಿ ವೆಸ್ಟ್, ಸ್ಮಾಲ್ ಫಾರ್ವರ್ಡ್‌ಗೆ ಜೂಲಿಯಸ್ ಅರ್ವಿಂಗ್, ಪವರ್ ಫಾರ್ವರ್ಡ್‌ಗೆ ಕಾರ್ಲ್ ಮಲೋನ್, ಸೆಂಟರ್‌ಗೆ ಕರೀಂ ಅಬ್ದುಲ್ ಜಬ್ಬಾರ್ ಹೆಸರಿನದು. ಒಂದೊಂದಕ್ಕೂ ಸೀಸನ್‌ಗೆ ಮುಂಚೆ 20 ಜನರ ಪಟ್ಟಿ ಹೊರಬರುತ್ತದೆ, ನಮ್ಮಲ್ಲಿ ಹಾಸನಾಂಬೆಯ ಬಾಗಿಲು ತೆರೆಯುವ ಆಸುಪಾಸಿನಲ್ಲೇ. ಅಲ್ಲಿ ಮೊದಲ ದರ್ಜೆಯಲ್ಲೇ 350ಕ್ಕೂ ಹೆಚ್ಚು ಕಾಲೇಜು ತಂಡಗಳಿರುವುದರಿಂದ ಅದು ನಡೆಯುತ್ತದೆ. ಎಂಟು ಹತ್ತು ತಂಡಗಳಿರುವ ಕಡೆ ಐದು ಪಟ್ಟಿ ಮಾಡಿದರೆ ನಾಲ್ಕನೇ ಹೆಸರಿನ ಹೊತ್ತಿಗೆ ಸರಕು ಖಾಲಿ. ಗಾರ್ಡ್, ವಿಂಗ್ (ಬದಿಯಲ್ಲಿ ಆಡುವವರು), ಒಳಗಿನವರು (ರಿಂಗ್ ಹತ್ತಿರ ಆಡುವವರು) ಅಂತ ಮೂರೇ ಪಟ್ಟಿ ಮಾಡಿ, ಒಂದೊಂದರಲ್ಲಿ ಐದು ಹೆಸರು. ಹುಡುಗಿಯರದು ಬೇರೆಯದೇ ಪಟ್ಟಿ. ಅವರ ಚೆಂಡೂ 6ನೇ ಸೈಜಿನದು, ಹುಡುಗರ 7ನೇ ಸೈಜಿನ ಅಂಕಿಗಳ ಜೊತೆ ಇಟ್ಟು ನೋಡುವಂಥದ್ದಲ್ಲ.

ಯಾವ ಮಟ್ಟಕ್ಕೆ ಪಟ್ಟಿ ಎಂಬುದನ್ನೂ ಮೇಲೆಯೇ ಬರೆದುಬಿಡಿ. 6 ಅಡಿ 1 ಇಂಚಿನ ಹುಡುಗ ಇಂಟರ್‌ಕಾಲೇಜಿನಲ್ಲಿ ಒಳ್ಳೆಯ ಸೆಂಟರ್. ಅದೇ ಹುಡುಗ ವಿಶ್ವವಿದ್ಯಾಲಯದ ತಂಡದಲ್ಲಿ ದಕ್ಷಿಣ ವಲಯಕ್ಕೆ ಹೋದರೆ ಎದುರಿಗೆ ಆರೂವರೆ ಅಡಿಯವನು ನಿಂತಿರುತ್ತಾನೆ, ಆಗ ಹೊರಗಿನಿಂದ ಶೂಟ್ ಮಾಡಲು ಬಾರದಿದ್ದರೆ ಬೆಂಚೇ ಗತಿ.

ಇನ್ನು ಅಂಕಿ. ಹೆಚ್ಚಿನ ಕಾಲೇಜುಗಳಲ್ಲಿ ಉಳಿದಿರುವುದು ಕಳೆದ ವರ್ಷದ ಸ್ಕೋರ್‌ಶೀಟ್ ಒಂದೇ. ಪಿಇ ಮೇಷ್ಟ್ರನ್ನು ಕೇಳಿ ಫೋಟೊ ತೆಗೆದುಕೊಳ್ಳಿ. ಫಿಬಾ (ಅಂತಾರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆ) ಮಾದರಿಯ ಶೀಟಿನಲ್ಲಿ ಓರೆ ಗೆರೆ ಅಂದರೆ ಫೀಲ್ಡ್ ಗೋಲ್ (ಆಟದ ನಡುವೆ ಹಾಕಿದ ಬುಟ್ಟಿ), ಆಟಗಾರನ ನಂಬರಿಗೆ ಸುತ್ತು ಹಾಕಿದ್ದರೆ ಅದು ಮೂರು ಪಾಯಿಂಟಿನದು, ತುಂಬಿದ ಚುಕ್ಕಿ ಅಂದರೆ ಫ್ರೀ ಥ್ರೋ (ಫೌಲಿಗೆ ಸಿಗುವ ಎಸೆತ). ಹೆಸರಿನ ಮುಂದೆ ಬರೀ ಕತ್ತರಿ ಗುರುತಿದ್ದರೆ ಬೆಂಚಿನಿಂದ ಬಂದವನು, ಅದಕ್ಕೆ ಸುತ್ತು ಬಿದ್ದಿದ್ದರೆ ಶುರುವಿನ ಐವರಲ್ಲಿ ಒಬ್ಬ. ಎಷ್ಟು ನಿಮಿಷ ಆಡಿದ ಎಂಬುದು ಶೀಟಿನಲ್ಲಿ ಇರುವುದಿಲ್ಲ. ತಪ್ಪಿದ ಶಾಟ್, ರೀಬೌಂಡ್, ಅಸಿಸ್ಟ್ (ಬುಟ್ಟಿಗೆ ದಾರಿ ಮಾಡಿದ ಪಾಸ್) ಕೂಡ ಇಲ್ಲ.

ಆದರೂ ಆ ಹಾಳೆಯಿಂದ ಎರಡು ಸಂಗತಿ ಹಿಂಡಬಹುದು. ಮೊದಲನೆಯದು, ತಂಡ ತಪ್ಪಿಸಿದ ಫ್ರೀ ಥ್ರೋ. ಎದುರಾಳಿಗಳ ಫೌಲ್ ಮನೆಗಳಲ್ಲಿ ಪಿ (ಪರ್ಸನಲ್ ಫೌಲ್) ಪಕ್ಕದ ಅಂಕಿ ಎಷ್ಟು ಫ್ರೀ ಥ್ರೋ ಕೊಟ್ಟರು ಅಂತ ಹೇಳುತ್ತದೆ. ಐದು ಪಿ2, ಎರಡು ಪಿ1, ಒಂದು ಪಿ3 ಇದ್ದರೆ ಒಟ್ಟು 15. ಈ ಕಡೆ ಚುಕ್ಕಿ 8 ಇದ್ದರೆ 7 ಹೋಯಿತು. ಟೆಕ್ನಿಕಲ್ ಫೌಲಿನ ಟಿ1 ಸೇರಿಸುವುದು ಮರೆಯಬೇಡಿ, ಪಕ್ಕದಲ್ಲಿ ಸಣ್ಣ ಸಿ ಇದ್ದರೆ ಅದು ರದ್ದಾದದ್ದು. ಎರಡನೆಯದು ಇಂಕಿನ ಬಣ್ಣ: ಒಂದು ಮತ್ತು ಮೂರನೇ ಕ್ವಾರ್ಟರ್ ಕೆಂಪು, ಎರಡು ಮತ್ತು ನಾಲ್ಕನೆಯದು ನೀಲಿ ಅಥವಾ ಕಪ್ಪು. ಮೂರನೇ ಕ್ವಾರ್ಟರ್ ಮುಗಿದಾಗಲೇ ಅಂತರ 20 ದಾಟಿದ್ದರೆ ಕೊನೆಯ ಕ್ವಾರ್ಟರಿನ ಪಾಯಿಂಟುಗಳನ್ನು ಲೆಕ್ಕಕ್ಕೇ ಹಿಡಿಯಬೇಡಿ. ಸೋತು ಸುಣ್ಣವಾದ ತಂಡದ ಮೇಲೆ ಹೊಡೆದ 14 ಪಾಯಿಂಟಿಗೆ ಹಾರ ಹಾಕುವವರು ಪ್ರತಿ ಕಾಲೇಜಿನಲ್ಲೂ ಸಿಗುತ್ತಾರೆ. ಸ್ಕೋರರ್ ಒಂದೇ ಪೆನ್ನಿನಲ್ಲಿ ಬರೆದಿದ್ದರೆ ಕ್ವಾರ್ಟರ್ ಮುಗಿದಲ್ಲಿ ಎಳೆದ ದಪ್ಪ ಗೆರೆ ನೋಡಿ ಬೇರ್ಪಡಿಸಿಕೊಳ್ಳಿ.

ಪ್ರಾಕ್ಟೀಸ್ ಮ್ಯಾಚುಗಳಿಗೆ ನೀವೇ ಲೆಕ್ಕ ಇಡಬೇಕು, ಅದಕ್ಕೆ ಇಬ್ಬರು ಬೇಕು. ಒಬ್ಬ ಕಣ್ಣು ಕೀಳದೆ ನೋಡಿ ಮೊದಲು ನಂಬರ್, ಆಮೇಲೆ ಘಟನೆ ಕೂಗುತ್ತಾನೆ: "ಏಳು, ಎರಡು, ಮಿಸ್. ಹನ್ನೊಂದು, ರೀಬೌಂಡ್." ಇನ್ನೊಬ್ಬ ಬರೆಯುತ್ತಾನೆ. ಒಬ್ಬನೇ ಎರಡೂ ಮಾಡಿದರೆ ಶಾಟ್ ಬರೆಯಲು ತಲೆ ಬಗ್ಗಿಸಿದಾಗ ರೀಬೌಂಡ್ ಕೈತಪ್ಪುತ್ತದೆ, ಹೀಗೆ ಒಳಗಿನವರಿಗೆ ಯಾವಾಗಲೂ ಅನ್ಯಾಯ. ಅಸಿಸ್ಟ್ ಅಂದರೇನು ಎಂದು ಮೊದಲೇ ಒಪ್ಪಿಕೊಳ್ಳಿ. ಪಾಸ್ ಹಿಡಿದವನು ಡ್ರಿಬಲ್ ಮಾಡಿ ಒಬ್ಬನನ್ನು ದಾಟಿ ಹೊಡೆದರೆ ಅಸಿಸ್ಟ್ ಇಲ್ಲ.

ಶೂಟಿಂಗ್ ಹೋಲಿಸುವಾಗ ಬರೀ ಶೇಕಡಾವಾರು ಮೋಸ ಮಾಡುತ್ತದೆ. ಒಬ್ಬ 40 ಶಾಟ್‌ನಲ್ಲಿ 16 ಹಾಕಿದ, ಎಲ್ಲವೂ ಎರಡು ಪಾಯಿಂಟಿನವು ಅಂದುಕೊಳ್ಳಿ: ಶೇ 40. ಇನ್ನೊಬ್ಬ 40ರಲ್ಲಿ 14, ಅದರಲ್ಲಿ 6 ಮೂರು ಪಾಯಿಂಟಿನವು: ಶೇ 35. ಮೂರರ ಶಾಟಿಗೆ ಅರ್ಧ ಹೆಚ್ಚು ಸೇರಿಸಿ: 14 ಕೂಡಿಸು 3, ಅಂದರೆ 40ಕ್ಕೆ 17, ಶೇ 42.5. ಎರಡನೆಯವನೇ ಮೇಲು. ಗಾರ್ಡ್‌ಗಳಿಗೆ ಅಸಿಸ್ಟನ್ನು ಟರ್ನೋವರಿನಿಂದ (ಎದುರಾಳಿಗೆ ಬಿಟ್ಟುಕೊಟ್ಟ ಚೆಂಡು) ಭಾಗಿಸಿ, ಒಂದಕ್ಕಿಂತ ಕೆಳಗೆ ಬಂದರೆ ಅವನು ಚೆಂಡು ತರುತ್ತಾನೆ ಅಷ್ಟೆ, ಆಟ ನಡೆಸುವುದಿಲ್ಲ. ಒಳಗಿನವರ ಅಟ್ಯಾಕ್ ರೀಬೌಂಡ್ (ಸ್ವಂತ ತಂಡದ ತಪ್ಪಿದ ಶಾಟಿನದು) ಬೇರೆ ಎಣಿಸಿ. ಜೊತೆಗೆ ಫೌಲ್: ಐದಕ್ಕೆ ಹೊರಗೆ, ಹಾಗಾಗಿ ಎರಡನೇ ಕ್ವಾರ್ಟರಿನಲ್ಲೇ ಮೂರು ತೆಗೆದುಕೊಳ್ಳುವ ಸೆಂಟರ್ ಎಷ್ಟು ಎತ್ತರವಿದ್ದರೇನು?

30 ತ್ರೀ ಪಾಯಿಂಟ್ ಪ್ರಯತ್ನದಲ್ಲಿ 10 ಹಾಕಿದವನಿಗೂ 12 ಹಾಕಿದವನಿಗೂ ವ್ಯತ್ಯಾಸವಿಲ್ಲ. ರಿಂಗ್ ಸುತ್ತಿ ಹೊರಬಿದ್ದ ಎರಡು ಚೆಂಡು ಅದು.

ಅಂಗಳವನ್ನೂ ಟೇಪ್ ಹಿಡಿದು ಅಳೆಯಿರಿ. 2010ರಲ್ಲಿ ಫಿಬಾ ಮೂರರ ಗೆರೆಯನ್ನು 6.25 ಮೀಟರಿನಿಂದ 6.75ಕ್ಕೆ ಹಿಂದೆ ಸರಿಸಿತು, ಹಳೆಯ ಸಿಮೆಂಟ್ ಕೋರ್ಟುಗಳಲ್ಲಿ ಹಳೆಯ ಬಣ್ಣವೇ ಇರಬಹುದು. ರಿಂಗ್ ನಡುವಿಗೆ ನೇರವಾಗಿ, ಬೇಸ್‌ಲೈನಿನ ಒಳ ಅಂಚಿನಿಂದ ಕಮಾನಿನ ಹೊರ ಅಂಚಿಗೆ 8.325 ಮೀಟರ್ ಬಂದರೆ ಸರಿ. 7.825 ಬಂದರೆ ಅಲ್ಲಿನ ಶೂಟರ್‌ನ ಅಂಕಿಯನ್ನು ಪಟ್ಟಿಯಿಂದ ಬದಿಗಿಡಿ. ರಿಂಗ್ ಎತ್ತರ 3.05. ನೇತಾಡಿ ನೇತಾಡಿ ಮುಂದಕ್ಕೆ ಬಾಗಿದ ರಿಂಗ್ ಅಪರೂಪವೇನಲ್ಲ. ಜಿಟಿಜಿಟಿ ಮಳೆಯ ತಿಂಗಳಲ್ಲಿ ಬಯಲು ಕೋರ್ಟ್ ಪೂರ್ತಿ ಒಣಗುವುದೇ ಇಲ್ಲ, ಜಾರುವ ಭಯಕ್ಕೆ ಯಾರೂ ಒಳಗೆ ನುಗ್ಗುವುದಿಲ್ಲ, ನಿಂತಲ್ಲಿಂದಲೇ ಎಸೆಯುತ್ತಾರೆ. ಆ ಪ್ರಾಕ್ಟೀಸ್ ನೋಡಿ ಡ್ರೈವ್ ಮಾಡುವ ಗಾರ್ಡ್‌ನನ್ನು ಕೆಳಗಿಳಿಸಬೇಡಿ.

ಕೊನೆಯ ಟೂರ್ನಿಯ ನೆನಪೇ ಪಟ್ಟಿಯನ್ನು ಹೆಚ್ಚು ಕೆಡಿಸುವುದು. 2022ರಲ್ಲಿ ಅಮೆರಿಕದ ಕಾಲೇಜು ತಂಡ ನಾರ್ತ್ ಕೆರೊಲಿನಾ ರಾಷ್ಟ್ರೀಯ ಟೂರ್ನಿಗೆ ಎಂಟನೇ ಸೀಡ್ (ಶ್ರೇಯಾಂಕ) ಆಗಿ ಬಂದು ಫೈನಲ್ ಮುಟ್ಟಿ ಕ್ಯಾನ್ಸಸ್‌ಗೆ ಸೋತಿತು. ಶುರುವಿನ ಐವರಲ್ಲಿ ನಾಲ್ವರು ಉಳಿದರು ಅಂತ ಮುಂದಿನ ಸೀಸನ್‌ಗೆ ಅದನ್ನೇ ನಂಬರ್ ಒನ್ ಮಾಡಿದರು. 2023ರ ರಾಷ್ಟ್ರೀಯ ಟೂರ್ನಿಗೆ ಆ ತಂಡಕ್ಕೆ ಪ್ರವೇಶವೇ ಸಿಗಲಿಲ್ಲ. ಕೆಲವೇ ಪಂದ್ಯಗಳ ಓಟಕ್ಕೆ ಇಡೀ ವರ್ಷದ ತೂಕ ಕೊಟ್ಟ ಪರಿಣಾಮ.

ವಾದದ ದಿನ ಮಾತಿಗೆ ಮುಂಚೆ ಪ್ರತಿಯೊಬ್ಬರೂ ತಮ್ಮ ಪಟ್ಟಿಯನ್ನು ಚೀಟಿಯಲ್ಲಿ ಬರೆಯಲಿ. ಇಲ್ಲವಾದರೆ ಮೊದಲು ಬಾಯಿ ತೆರೆದವನ ಪಟ್ಟಿಯೇ ಎಲ್ಲರದೂ ಆಗುತ್ತದೆ. ಮೊದಲ ಸ್ಥಾನಕ್ಕೆ 5, ಕೊನೆಯದಕ್ಕೆ 1 ಪಾಯಿಂಟ್ ಕೊಟ್ಟು ಕೂಡಿಸಿ. ಸ್ವಂತ ಕಾಲೇಜಿನವರಿಗೆ ಪಾಯಿಂಟ್ ಹಾಕುವಂತಿಲ್ಲ, ಹಾಗಾಗಿ ಕೂಡಿಸಿದ್ದನ್ನು ಮತ ಹಾಕಬಹುದಾದವರ ಸಂಖ್ಯೆಯಿಂದ ಭಾಗಿಸಿ. ಚೀಟಿಗಳಲ್ಲಿ ಎರಡು ಸ್ಥಾನಕ್ಕಿಂತ ಹೆಚ್ಚು ಅಂತರವಿರುವ ಹೆಸರುಗಳ ಮೇಲೆ ಮಾತ್ರ ಚರ್ಚೆ, ಅದೂ "ಯಾವ ಮ್ಯಾಚ್, ಯಾರನ್ನು ಹಿಡಿದಿದ್ದ" ಅಂತ ಹೇಳಬಲ್ಲವರಿಗೆ ಮಾತ್ರ. ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಬಂದವರನ್ನು, ಪಿಯುನಿಂದ ಬಂದ ಹೊಸಬರನ್ನು ಕೆಳಗೆ ಗೆರೆ ಎಳೆದು ಬೇರೆ ಬರೆಯಿರಿ. ಅವರಿಗೆ ಈಗಲೇ ನಂಬರ್ ಬೇಡ.

ಪಟ್ಟಿಗೆ ತಾರೀಖು ಹಾಕಿ ಇಡಿ. ಸೀಸನ್ ಮುಗಿದ ಮೇಲೆ ಅದೇ ಐವರನ್ನು ಮತ್ತೆ ಕ್ರಮವಾಗಿ ಜೋಡಿಸಿ, ಒಬ್ಬೊಬ್ಬರ ಹಳೆಯ ಮತ್ತು ಹೊಸ ಸ್ಥಾನದ ವ್ಯತ್ಯಾಸ ಕೂಡಿಸಿ. ಐದು ಹೆಸರಿನ ಪಟ್ಟಿ ಪೂರ್ತಿ ತಲೆಕೆಳಗಾದರೆ ಮೊತ್ತ 12. ಕಣ್ಣು ಮುಚ್ಚಿ ಚೀಟಿ ಎತ್ತಿದರೂ ಸರಾಸರಿ 8 ಬರುತ್ತದೆ, ನಿಮ್ಮದು ಅದಕ್ಕಿಂತ ಕೆಳಗಿರಬೇಕು.