ಕುಲ ಬಿಟ್ಟು ಮನೆತನ ಬರೆದೆ

ಎರಡು ವರ್ಷದಿಂದ ಕನ್ನಡದಲ್ಲಿ ಒಂದು ಫ್ಯಾಂಟಸಿ ಕಾದಂಬರಿ ಬರೆಯುತ್ತಿದ್ದೇನೆ. ಮೊದಲ ಕರಡಿನಲ್ಲಿ ನಾಲ್ಕು ಕುಲಗಳಿದ್ದವು: ಬೆಂಕಿಯವರು, ನೀರಿನವರು, ಗಾಳಿಯವರು, ಕಲ್ಲಿನವರು. ಶಕ್ತಿ ರಕ್ತದಲ್ಲೇ ಬರುತ್ತಿತ್ತು, ಸ್ವಭಾವವೂ ಅದರ ಜೊತೆಗೇ. ಅನಿಮೆ, ಅಂದರೆ ಜಪಾನಿನ ಆನಿಮೇಷನ್ ಕತೆಗಳನ್ನು ನೋಡುವವರಿಗೆ ಇದು ಗೊತ್ತಿರುವ ದಾರಿ. 'ನರುಟೋ' ಅನ್ನುವ ಅನಿಮೆಯ ಉಚಿಹಾ ಕುಲ ನೆನಪಿಸಿಕೊಳ್ಳಿ, ಕಣ್ಣಿನ ಶಕ್ತಿ ಹುಟ್ಟಿನಿಂದ, ಬೆನ್ನ ಮೇಲೆ ಬೀಸಣಿಗೆಯ ಗುರುತು. ನನಗೆ ಅದು ಈಗಲೂ ತುಂಬಾ ಇಷ್ಟ. ಆದರೆ ನನ್ನ ಕತೆ ಮಾತ್ರ ಮುಂದೆ ಹೋಗುತ್ತಿರಲಿಲ್ಲ. ಯಾರು ಯಾರ ಕಡೆ ಅನ್ನುವುದು ತೊಟ್ಟಿಲಲ್ಲೇ ತೀರ್ಮಾನವಾದರೆ, ಆಮೇಲೆ ಯಾರೂ ಏನನ್ನೂ ಯೋಚಿಸಬೇಕಾಗಿಲ್ಲ, ಅಲ್ವಾ?

ಜಪಾನಿನ ಇತಿಹಾಸ ಓದಲು ಕೂತಿದ್ದು ಒಳ್ಳೆಯ ಹೆಸರು, ಲಾಂಛನ ಸಿಗಲಿ ಅಂತ. ಸಿಕ್ಕಿದ್ದು ಎರಡು ಪದ. 'ಉಜಿ' ಹಳೆಯದು, ಒಬ್ಬ ಮೂಲಪುರುಷನ ಹೆಸರು ಹೇಳಿಕೊಳ್ಳುವ ಬಳಗ. 'ಇಯೆ' ಅಂದರೆ ಮನೆ. ವಾಸದ ಮನೆಯೂ ಹೌದು, ತಲೆಮಾರಿನಿಂದ ತಲೆಮಾರಿಗೆ ನಡೆಯುವ ಮನೆಯೂ ಹೌದು. ನಮ್ಮ 'ಮನೆತನ' ಹುಟ್ಟಿದ್ದೂ ಮನೆಯಿಂದಲೇ. ಆ ರಾತ್ರಿ ಕರಡಿನಲ್ಲಿ ಕುಲ ಇದ್ದ ಕಡೆಯೆಲ್ಲ ಮನೆತನ ಅಂತ ಬದಲಿಸಿದೆ, ಬದಲಿಸಿದ ಮೇಲೆ ಅರ್ಧ ವಾಕ್ಯಗಳು ನಿಲ್ಲಲೇ ಇಲ್ಲ.

ಯಾಕೆಂದರೆ ಮನೆತನಕ್ಕೆ ರಕ್ತವೇ ಆಗಬೇಕೆಂದಿಲ್ಲ. ಜಪಾನಿನಲ್ಲಿ ಗಂಡು ಮಗ ಇಲ್ಲದಿದ್ದರೆ ಅಳಿಯನನ್ನೇ ದತ್ತು ತೆಗೆದುಕೊಂಡು, ಮನೆಯ ಹೆಸರು ಕೊಟ್ಟು, ಯಜಮಾನನನ್ನಾಗಿ ಮಾಡುತ್ತಿದ್ದರು. ಪ್ರಸಿದ್ಧ ಸೇನಾನಾಯಕ ಉಯೆಸುಗಿ ಕೆನ್‌ಶಿನ್ ಹುಟ್ಟಿದ್ದು ನಾಗಾವೋ ಮನೆತನದಲ್ಲಿ, ದತ್ತಾಗಿ ಉಯೆಸುಗಿ ಹೆಸರು ಸಿಕ್ಕಿದ್ದು 1561ರಲ್ಲಿ. ಅದೇ ಕಾಲದ ಇನ್ನೊಬ್ಬ ಸೇನಾನಾಯಕ ಮೋರಿ ಮೊತೊನಾರಿ ತನ್ನ ಇಬ್ಬರು ಮಕ್ಕಳನ್ನು ಕಿಕ್ಕಾವಾ ಮತ್ತು ಕೊಬಾಯಕಾವಾ ಮನೆಗಳಿಗೆ ದತ್ತು ಕೊಟ್ಟು, ಎರಡೂ ಮನೆಗಳನ್ನು ತನ್ನ ಬೆನ್ನಿಗೆ ತಂದುಕೊಂಡ.

ಆದರೆ ನನ್ನನ್ನು ವಾರಗಟ್ಟಲೆ ಹಿಡಿದಿಟ್ಟಿದ್ದು ಸನಾದಾ ಮನೆತನ. 1600ರಲ್ಲಿ ಜಪಾನ್ ಪೂರ್ವ, ಪಶ್ಚಿಮ ಅಂತ ಎರಡು ಪಾಳಯವಾಗಿ ಸೆಕಿಗಹರಾ ಯುದ್ಧ ಹತ್ತಿರ ಬಂದಾಗ, ಅಪ್ಪ ಮಸಾಯುಕಿ ಮತ್ತು ಕಿರಿಮಗ ಯುಕಿಮುರಾ ಪಶ್ಚಿಮದ ಕಡೆ ನಿಂತರು, ಹಿರಿಮಗ ನೊಬುಯುಕಿ ಪೂರ್ವದ ತೊಕುಗಾವಾ ಇಯೆಯಾಸು ಕಡೆ. ಹಿರಿಯವನ ಹೆಂಡತಿ ಇಯೆಯಾಸುವಿನ ದಂಡನಾಯಕನ ಮಗಳು, ಕಿರಿಯವನ ಹೆಂಡತಿ ಪಶ್ಚಿಮದ ಒತಾನಿ ಯೊಶಿತ್ಸುಗುವಿನ ಮಗಳು. ಇನುಬುಶಿ ಅನ್ನುವ ಊರಲ್ಲಿ ಮೂವರೂ ಕೂತು ಮಾತಾಡಿ ಬೇರೆಯಾದರು. ಯಾರು ಗೆದ್ದರೂ ಮನೆ ಉಳಿಯಲಿ ಅಂತಲೇ ಹೀಗೆ ಮಾಡಿದರು ಅನ್ನುವವರಿದ್ದಾರೆ. ಅಪ್ಪ ಉಯೆದಾ ಕೋಟೆಯಲ್ಲಿ ಇಯೆಯಾಸುವಿನ ಮಗನ ಸೈನ್ಯವನ್ನು ಎಷ್ಟು ತಡೆದನೆಂದರೆ, ಅದು ಸೆಕಿಗಹರಾ ಮುಟ್ಟುವ ಹೊತ್ತಿಗೆ ಯುದ್ಧವೇ ಮುಗಿದಿತ್ತು. ಆದರೂ ಗೆದ್ದದ್ದು ಪೂರ್ವ. ನೊಬುಯುಕಿ ಬೇಡಿಕೊಂಡ, ಅಪ್ಪ ಮತ್ತು ತಮ್ಮನ ಜೀವ ಉಳಿದು ಕೋಯಾ ಬೆಟ್ಟದ ಬಳಿಯ ಕುದೊಯಾಮಾಕ್ಕೆ ಗಡೀಪಾರಾಯಿತು. ತಮ್ಮ 1615ರಲ್ಲಿ ಒಸಾಕಾದಲ್ಲಿ ಇಯೆಯಾಸು ವಿರುದ್ಧವೇ ಹೋರಾಡಿ ಸತ್ತ. ಅಣ್ಣ 1658ರವರೆಗೆ ಬದುಕಿದ, ಮನೆತನ ಅವನ ಕಡೆಯಿಂದ ಮುಂದುವರಿಯಿತು. ಅವರ ಲಾಂಛನದಲ್ಲಿ ಆರು ನಾಣ್ಯಗಳಿವೆ, ಸತ್ತವರು ಸಂಜು ಹೊಳೆ ದಾಟಲು ಕೊಡುವ ಹಣ. ಇದಕ್ಕಿಂತ ಚೆಂದದ ಲಾಂಛನ ನಾನು ನೋಡಿಲ್ಲ.

ಇದನ್ನು ಓದಿದ ಮೇಲೆ ನನ್ನ ಕತೆಯ ಶಕ್ತಿಯನ್ನು ರಕ್ತದಿಂದ ತೆಗೆದು ಒಲೆಗೆ ಇಟ್ಟೆ. ಬೆಂಕಿ ಮನೆತನದ ಒಲೆಯನ್ನು ಮೂರು ವರ್ಷ ಆರದಂತೆ ಕಾಯ್ದವರಿಗೆ ಶಕ್ತಿ ಬರುತ್ತದೆ, ಅವರು ಯಾರ ಹೊಟ್ಟೆಯಲ್ಲಿ ಹುಟ್ಟಿದ್ದರೂ ಸರಿ. ಮೊದಲ ಕರಡಿನಲ್ಲಿ ಸುಮ್ನೆ ಎರಡು ಕಡೆ ಬಂದು ಹೋಗುತ್ತಿದ್ದ ಸೊಸೆ ಈಗ ಮುಖ್ಯ ಪಾತ್ರ. ಅವಳು ನೀರಿನ ಮನೆಯಿಂದ ಬಂದವಳು. ಯುದ್ಧ ಬಂದರೆ ತವರಿನ ಎದುರು ನಿಲ್ಲಬೇಕಾದವಳು, ಮತ್ತು ಈ ಮನೆಯ ಬೆಂಕಿ ಇರುವುದು ಅವಳ ಕೈಯಲ್ಲಿ.

ಇನುಬುಶಿಯಂಥ ಒಂದು ರಾತ್ರಿ ನನ್ನ ಕತೆಯಲ್ಲೂ ಇದೆ. ಅದನ್ನು ಐದು ಸಲ ಬರೆದೆ. ನಾಲ್ಕು ಸಲ ಮಾವ ಉದ್ದುದ್ದ ಮಾತಾಡಿದ, ನ್ಯಾಯ ಯಾರ ಕಡೆ ಅಂತ ಹೇಳಿದ. ಐದನೆಯ ಸಲ ಅವನು ಊಟ ಮುಗಿಸಿ ಕೈ ತೊಳೆದು, ಸೊಸೆಯನ್ನು ಒಂದೇ ಮಾತು ಕೇಳುತ್ತಾನೆ: "ನಾಳೆ ಬೆಳಗ್ಗೆ ಒಲೆ ಹಚ್ಚೋರು ಯಾರಮ್ಮ?" ಅವಳ ಉತ್ತರ ಈ ವಾರ ಬರೆಯುತ್ತಿದ್ದೇನೆ.