ಘನ ಉಪಸ್ಥಿತಿ: ಟಿವಿಯಲ್ಲಿ ರಾಜಕೀಯ ವಿಡಂಬನೆ ಮಾಡಿದ ನನ್ನ ಅನುಭವ

ಟಿವಿಯಲ್ಲಿ ರಾಜಕಾರಣಿಗಳ ಅಣಕು ಮಾಡುತ್ತೇನೆ ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ: "ನಿಮಗೆ ಯಾರೂ ಏನೂ ಅನ್ನಲ್ವಾ?" ಆ ವಿಷಯಕ್ಕೆ ಆಮೇಲೆ ಬರುತ್ತೇನೆ. ನನಗೆ ಅದಕ್ಕಿಂತ ಜಾಸ್ತಿ ಕಷ್ಟ ಕೊಟ್ಟದ್ದು ಬೇರೆ. ರಾತ್ರಿ ಪ್ರಸಾರವಾಗುವುದಕ್ಕೆ ಮಧ್ಯಾಹ್ನವೇ ಶೂಟಿಂಗ್ ಮುಗಿಯಬೇಕು. ಬೆಳಿಗ್ಗೆ ಪೇಪರ್ ನೋಡಿ ಬರೆದ ಸ್ಕ್ರಿಪ್ಟು ಸಂಜೆಯ ಹೊತ್ತಿಗೆ ಹಳಸಿರುತ್ತದೆ. ಅದಕ್ಕೇ ಸುದ್ದಿಯ ಹಿಂದೆ ಓಡುವುದನ್ನು ಬಿಟ್ಟೆ. ಸರ್ಕಾರ ಬದಲಾದರೂ ಬದಲಾಗದೆ ಉಳಿಯುವುದು ಏನು ಅಂತ ಹುಡುಕತೊಡಗಿದೆ.

ಈ ದಾರಿಯಲ್ಲಿ ನನಗೆ ಗುರು ಅಂದರೆ ಜಸ್ಪಾಲ್ ಭಟ್ಟಿ. ಚಂಡೀಗಢದಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಿದವರು. ನಾನ್‌ಸೆನ್ಸ್ ಕ್ಲಬ್ ಕಟ್ಟಿಕೊಂಡು ಬೀದಿಯಲ್ಲಿ ಪ್ರಹಸನ ಆಡಿದರು, ಪತ್ರಿಕೆಗೆ ಕಾರ್ಟೂನ್ ಬರೆದರು. ಆಮೇಲೆ ದೂರದರ್ಶನಕ್ಕೆ ಬಂದರು. 1989ರಲ್ಲಿ ಬಂದ ಅವರ 'ಫ್ಲಾಪ್ ಶೋ' ಹತ್ತೇ ಕಂತು. ಆಗ ಇದ್ದದ್ದು ಸರ್ಕಾರದ ಚಾನೆಲ್ ಒಂದೇ. ಅದರಲ್ಲೇ ಕೂತು ಸರ್ಕಾರಿ ವ್ಯವಸ್ಥೆಯನ್ನು ನಗೆಗೀಡು ಮಾಡುವುದು ಸಣ್ಣ ಮಾತಲ್ಲ. ಅವರು ಮಂತ್ರಿಗಳ ಬೆನ್ನು ಹತ್ತಲಿಲ್ಲ. ಸುಳ್ಳು ಮೆಡಿಕಲ್ ಬಿಲ್, ಸಂಶೋಧನಾ ವಿದ್ಯಾರ್ಥಿಯಿಂದ ಮನೆಗೆಲಸ ಮಾಡಿಸುವ ಗೈಡ್, ಕೆಟ್ಟು ಕೂತ ಟೆಲಿಫೋನ್, ಇಂಥವನ್ನೇ ಹಿಡಿದರು. ಆ ಕಂತುಗಳನ್ನು ನಾನು ಪೆನ್ನು ಹಿಡಿದು ನೋಡಿದ್ದೇನೆ. ಭಟ್ಟಿ ಎಲ್ಲೂ ಮುಖ ಸೊಟ್ಟಗೆ ಮಾಡುವುದಿಲ್ಲ. ಅಕ್ಕಪಕ್ಕದ ಲೋಕವೇ ತಲೆಕೆಳಗಾಗಿದೆ, ಅವರೊಬ್ಬರು ಗಂಭೀರವಾಗಿ ನಿಂತಿದ್ದಾರೆ. 2012ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಮರುವರ್ಷ ಪದ್ಮಭೂಷಣ ಬಂತು.

ನಮ್ಮಲ್ಲಿ ಈ ಕೆಲಸವನ್ನು ರಂಗದ ಮೇಲೆ ಮಾಡಿದವರು ಮಾಸ್ಟರ್ ಹಿರಣ್ಣಯ್ಯ. ಅವತ್ತಿನ ಸುದ್ದಿಯನ್ನು ಅವತ್ತೇ ಸಂಭಾಷಣೆಗೆ ಸೇರಿಸಿಬಿಡುತ್ತಿದ್ದರು. ಜನ ನಕ್ಕರೆ ಇನ್ನಷ್ಟು ಎಳೆಯುತ್ತಿದ್ದರು. ಟಿವಿಯಲ್ಲಿ ಆ ಸೌಕರ್ಯ ಇಲ್ಲ. ಸ್ಟುಡಿಯೋದಲ್ಲಿ ಎದುರಿಗಿರುವುದು ಕ್ಯಾಮೆರಾ. ಶಾಟ್ ನಡೆಯುವಾಗ ಅದರ ಹಿಂದೆ ನಿಂತವರು ನಗುವ ಹಾಗೂ ಇಲ್ಲ. ನಗುವಿಗೆ ಎಷ್ಟು ಬಿಡುವು ಕೊಡಬೇಕು ಅನ್ನುವುದೇ ತಿಳಿಯುವುದಿಲ್ಲ. ನಾನು ಕಂಡುಕೊಂಡ ಉಪಾಯ ಇಷ್ಟೇ: ಮಾತು ಮುಗಿದ ಮೇಲೆ ಕ್ಯಾಮೆರಾ ನನ್ನ ಮೇಲೆ ನಿಲ್ಲಬಾರದು, ಕೇಳಿಸಿಕೊಂಡ ಪಾತ್ರದ ಮುಖಕ್ಕೆ ಹೋಗಬೇಕು. ಮನೆಯಲ್ಲಿ ಕೂತವರು ನಗುವುದು ಆ ಮುಖ ನೋಡಿಯೇ.

ಸರಿ, ವಸ್ತು ಎಲ್ಲಿ ಸಿಗುತ್ತದೆ? ನನಗೆ ಸಿಕ್ಕಿದ್ದು ಸರ್ಕಾರಿ ಕಾರ್ಯಕ್ರಮಗಳ ಆಹ್ವಾನ ಪತ್ರಿಕೆಗಳಲ್ಲಿ. ಉದ್ಘಾಟನೆ ಒಬ್ಬರದು, ಅಧ್ಯಕ್ಷತೆ ಇನ್ನೊಬ್ಬರದು, 'ಘನ ಉಪಸ್ಥಿತಿ' ಮತ್ತೊಬ್ಬರದು. ಕೆಳಗೆ ಮುಖ್ಯ ಅತಿಥಿಗಳು, ವಿಶೇಷ ಆಹ್ವಾನಿತರು. ಯಾರ ಹೆಸರು ಎಲ್ಲಿ ಬರಬೇಕು ಅನ್ನುವುದಕ್ಕೆ ಶಿಷ್ಟಾಚಾರ ಇದೆ. ಹೆಸರು ಬಿಟ್ಟುಹೋದರೆ ವೇದಿಕೆಯಲ್ಲೇ ಜಗಳ. ಇದನ್ನು ನಾನು ಹುಟ್ಟಿಸಬೇಕಾಗಿರಲಿಲ್ಲ. ಒಂದು ಬಸ್ ಶೆಲ್ಟರ್‌ನ ಉದ್ಘಾಟನೆಗೆ ತಂದು ಕೂರಿಸಿದೆ, ಅಷ್ಟೇ. ಪಾತ್ರ ಎರಡೇ. ಕಚೇರಿಯ ಗುಮಾಸ್ತ, ಫಲಕ ಕೆತ್ತುವವನು.

"ಸಾರ್, ಕಲ್ಲಲ್ಲಿ ಜಾಗ ಇಲ್ಲ. ಇನ್ನೂ ಒಂಬತ್ತು ಹೆಸರು ಉಳಿದಿದೆ."

"ದೊಡ್ಡ ಕಲ್ಲು ತಗೊಳಯ್ಯ."

"ದೊಡ್ಡ ಕಲ್ಲು ನಿಲ್ಲಿಸಿದ್ರೆ ಬೆಂಚಿಗೆ ಜಾಗ ಇರಲ್ಲ ಸಾರ್."

"ಬೆಂಚಲ್ಲಿ ಕೂರೋರ ಹೆಸರು ಕಾರ್ಡಲ್ಲಿ ಇದೆಯೇನಯ್ಯ?"

ಗುಮಾಸ್ತನ ಪಾತ್ರ ನನ್ನದು. ಕೊನೆಯ ಸಾಲನ್ನು ನಾನು ಕೋಪದಿಂದ ಹೇಳಲಿಲ್ಲ, ವ್ಯಂಗ್ಯವಾಗಿಯೂ ಹೇಳಲಿಲ್ಲ. ಕಾರ್ಡು ತಿರುಗಿಸಿ ನಿಜವಾಗಿಯೂ ಆ ಹೆಸರು ಹುಡುಕಿದೆ. ಗುಮಾಸ್ತ ಕೆಟ್ಟವನಲ್ಲ ನೋಡಿ. ನಿಯಮ ಪಾಲಿಸುತ್ತಿದ್ದಾನೆ. ನಿಯಮವನ್ನು ಅಷ್ಟು ಪ್ರಾಮಾಣಿಕವಾಗಿ ಕೊನೆಯವರೆಗೂ ಪಾಲಿಸಿದರೆ ಬಸ್ಸಿಗೆ ಕಾಯುವವರು ಬಿಸಿಲಲ್ಲೇ ಉಳಿಯುತ್ತಾರೆ. ಮುಂದಿನ ಕಂತಿನಲ್ಲಿ ಚುನಾವಣೆ ಘೋಷಣೆಯಾಗುತ್ತದೆ, ಮಾದರಿ ನೀತಿ ಸಂಹಿತೆ ಬರುತ್ತದೆ. ಹೆಸರುಗಳಿಗೆಲ್ಲ ಕಾಗದ ಅಂಟಿಸಬೇಕು. ಗುಮಾಸ್ತ ಅಂಟಿಸುತ್ತಾ ಅಂಟಿಸುತ್ತಾ ಇಡೀ ಶೆಲ್ಟರೇ ಮುಚ್ಚಿಹೋಗುತ್ತದೆ, ಬಸ್ಸು ನಿಲ್ಲದೆ ಮುಂದೆ ಹೋಗುತ್ತದೆ. ಇದರಲ್ಲಿ ಪಕ್ಷದ ಹೆಸರಿಲ್ಲ, ನಾಯಕರ ಹೆಸರಿಲ್ಲ. ಹಾಗಿದ್ದರೂ ಎಲ್ಲ ಪಕ್ಷದವರೂ ಇದು ಎದುರಿನವರ ಬಗ್ಗೆ ಅಂತಲೇ ನಕ್ಕರು.

ಹಾಗಂತ ಮಿಮಿಕ್ರಿ ಮಾಡಲಿಲ್ಲ ಅಂತಲ್ಲ. ಚಾನೆಲ್‌ಗೆ ಅದು ಬೇಕು, ಜನರಿಗೂ ಇಷ್ಟ. ದನಿ ಹಿಡಿಯುವುದಕ್ಕಿಂತ ಮೊದಲು ಆ ನಾಯಕರು ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ, ಪ್ರಶ್ನೆ ಬಂದಾಗ ಕೈ ಎಲ್ಲಿಗೆ ಹೋಗುತ್ತದೆ ಅಂತ ನೋಡುತ್ತೇನೆ. ಅದು ಸಿಕ್ಕರೆ ದನಿ ತಾನಾಗಿ ಬರುತ್ತದೆ. ತುಂಬಾ ಕಷ್ಟ ಅನ್ನಿಸುವುದು ತಾವೇ ನಗಿಸಬಲ್ಲ ನಾಯಕರು. 1996ರಿಂದ 1999ರವರೆಗೆ ಮುಖ್ಯಮಂತ್ರಿಯಾಗಿದ್ದ ಜೆ.ಎಚ್. ಪಟೇಲರು ಹಾಗೆ. ಅವರ ಮಾತಿನ ಮುಂದೆ ಅಣಕು ಸಪ್ಪೆಯಾಗುತ್ತದೆ.

ಒಂದನ್ನು ಮಾತ್ರ ಖಡಾಖಂಡಿತವಾಗಿ ಮಾಡಲಿಲ್ಲ. ಉತ್ತರ ಕರ್ನಾಟಕದ ನಾಯಕರ ಪಾತ್ರ ಅಂದರೆ ಅವರ ಆಡುಮಾತನ್ನೇ ತಮಾಷೆ ಮಾಡುವ ಚಾಳಿ ನಮ್ಮ ಟಿವಿಯಲ್ಲಿದೆ. ಕಲಬುರಗಿಯ ಕನ್ನಡ ಜೋಕ್ ಅಲ್ಲ. ಮೈಬಣ್ಣ, ಕಾಯಿಲೆ, ನಡೆಯಲಾಗದ ಕಾಲು ಇವೂ ಅಷ್ಟೇ. ಅವರು ಕೊಟ್ಟ ಭರವಸೆ, ಹಾಕಿದ ಸಹಿ, ತಪ್ಪಿಸಿಕೊಂಡ ಉತ್ತರ ಇವೆಯಲ್ಲ, ಅವೇ ಸಾಕು.

ಇನ್ನು ಹೆದರಿಕೆಯ ಮಾತು. ಮಾನನಷ್ಟ ಇವತ್ತಿಗೂ ಕ್ರಿಮಿನಲ್ ಅಪರಾಧವೇ. 2016ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಈಗ ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್‌ನಲ್ಲಿ ಎರಡು ವರ್ಷದವರೆಗೆ ಜೈಲು ಇದೆ. ಹೀಗಾಗಿ ಸ್ಕ್ರಿಪ್ಟಿನಲ್ಲಿ ಒಂದು ಮೊತ್ತ ಬಂದರೆ, ಒಂದು ಆರೋಪ ಬಂದರೆ, ಅದರ ದಾಖಲೆ ಫೈಲಿನಲ್ಲಿ ಇರಲೇಬೇಕು: ಸದನದ ಉತ್ತರ ಅಥವಾ ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ ವರದಿ. ಮತದಾನ ಮುಗಿಯುವ ಹೊತ್ತಿಗೆ ಹಿಂದಿನ 48 ಗಂಟೆ ಟಿವಿಯಲ್ಲಿ ಚುನಾವಣೆಯ ಮೇಲೆ ಪರಿಣಾಮ ಬೀರುವಂಥದ್ದನ್ನು ತೋರಿಸುವಂತಿಲ್ಲ. ಆ ದಿನಗಳಿಗೆ ಮತದಾರರ ಪಟ್ಟಿಯಲ್ಲಿ ತನ್ನ ಹೆಸರು ಹುಡುಕುವ ಅಜ್ಜಿಯ ಕತೆಯಂಥದ್ದನ್ನು ಮೊದಲೇ ಬರೆದಿಟ್ಟುಕೊಳ್ಳುತ್ತೇನೆ. ಇಷ್ಟೆಲ್ಲ ಮಾಡಿದರೂ ಒಂದು ವಾಹಿನಿಯಲ್ಲಿ ಶೂಟ್ ಆದ ಕಂತು ಪ್ರಸಾರವೇ ಆಗಲಿಲ್ಲ. ಯಾಕೆ ಅಂತ ಯಾರೂ ಹೇಳಲಿಲ್ಲ. ದಾಖಲೆ ಎಲ್ಲ ಸರಿ ಇತ್ತು. ಆ ಬೇಜಾರು ಈಗಲೂ ಇದೆ.

ಈಗ ಜನ ಟಿವಿ ಮುಂದೆ ಕೂತು ಪೂರ್ತಿ ನೋಡುವುದು ಕಡಿಮೆ. ಮೊಬೈಲ್‌ಗೆ ತುಂಡು ತುಂಡಾಗಿ ಬರುತ್ತದೆ. ಬೇಕಾದವರು ಅರ್ಧ ಸಾಲು ಕತ್ತರಿಸಿ ತಮ್ಮ ಪಕ್ಷದ ಪ್ರಚಾರಕ್ಕೆ ಹಾಕಿಕೊಳ್ಳುತ್ತಾರೆ. ಅದಕ್ಕಾಗಿ ಬರೆಯುವ ರೀತಿಯನ್ನೇ ಬದಲಾಯಿಸಿದೆ. ಹೊಗಳಿಕೆಯೂ ಅದರ ಕೊಕ್ಕೆಯೂ ಬೇರೆ ಬೇರೆ ಸಾಲಿನಲ್ಲಿ ಬರದ ಹಾಗೆ ನೋಡಿಕೊಳ್ಳುತ್ತೇನೆ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತೇನೆ, ಮಧ್ಯೆ ಕತ್ತರಿ ಹಾಕುವುದಕ್ಕೆ ಎಲ್ಲೂ ಜಾಗ ಸಿಗದ ಹಾಗೆ.