ಕೆಂಪು, ಹಳದಿ, ನೀಲಿ: ಒಂದೇ ಗ್ಲಾಸಿನಲ್ಲಿ ಮೂರು ಪದರ

ಪದರದ ಕಾಕ್‌ಟೇಲ್ ಮಾಡಲು ಹೊರಟವರು ಸಾಮಾನ್ಯವಾಗಿ ಎಡವುವುದು ಸುರಿಯುವ ಹೊತ್ತಿನಲ್ಲಲ್ಲ, ಅದಕ್ಕೂ ಮೊದಲು, ಯಾವ ರಸ ಕೆಳಗೆ ಯಾವುದು ಮೇಲೆ ಎಂದು ಗೊತ್ತುಮಾಡುವಾಗ. ಕೈ ಎಷ್ಟೇ ಹಗುರವಿರಲಿ, ಭಾರದ ರಸವನ್ನು ಹಗುರದ ರಸದ ಮೇಲೆ ನಿಲ್ಲಿಸಲಾಗದು. ಅದು ಇಳಿದೇ ಇಳಿಯುತ್ತದೆ. ರಸಕ್ಕೆ ಭಾರ ಕೊಡುವುದು ಅದರಲ್ಲಿ ಕರಗಿರುವ ಸಕ್ಕರೆ. ವೋಡ್ಕಾ ನೀರಿಗಿಂತ ಹಗುರ, ಹಣ್ಣಿನ ರಸ ನೀರಿಗಿಂತ ಭಾರ, ಸಕ್ಕರೆ ಪಾಕ ಎಲ್ಲಕ್ಕಿಂತ ಭಾರ. ಇಲ್ಲಿ ಹೇಳುವ ಪಾನೀಯದಲ್ಲಿ ತಳಕ್ಕೆ ದಾಳಿಂಬೆ ಪಾಕ, ನಡುವೆ ಮೂಸಂಬಿ ರಸ, ಮೇಲೆ ಶಂಖಪುಷ್ಪದ ನೀಲಿ ಹತ್ತಿಸಿದ ವೋಡ್ಕಾ. ಮೂರೂ ನಮ್ಮ ಕಡೆ ಸುಲಭವಾಗಿ ಸಿಗುವಂಥವು: ಕುಷ್ಟಗಿ, ಯಲಬುರ್ಗಾ ಕಡೆಯ ದಾಳಿಂಬೆ ಬಳ್ಳಾರಿ, ರಾಯಚೂರಿನ ಸಂತೆಗೂ ಬರುತ್ತದೆ, ಶಂಖಪುಷ್ಪದ ಬಳ್ಳಿ ಎಷ್ಟೋ ಮನೆಗಳ ಕಾಂಪೌಂಡಿಗೆ ಹಬ್ಬಿಕೊಂಡಿರುತ್ತದೆ.

ಸುರಿಯುವ ಮೊದಲು ತೂಗಿ

ಅಡುಗೆಮನೆಯ ಚಿಕ್ಕ ಡಿಜಿಟಲ್ ತಕ್ಕಡಿ ಇದ್ದರೆ ಅರ್ಧ ಕೆಲಸ ಮುಗಿದಂತೆ. ಪುಟ್ಟ ಸ್ಟೀಲ್ ಬಟ್ಟಲೊಂದನ್ನು ತೆಗೆದುಕೊಂಡು ಪ್ರತಿ ದ್ರವವನ್ನೂ ಅದೇ ಬಟ್ಟಲಿಗೆ ಅಂಚಿನವರೆಗೆ ತುಂಬಿ ತೂಗಿ, ಬಟ್ಟಲಿನ ತೂಕ ಕಳೆಯಿರಿ. ಬಟ್ಟಲು 50 ಮಿ.ಲೀ. ಹಿಡಿಯುವಂಥದ್ದಾದರೆ ಸುಮಾರಾಗಿ ಈ ಅಂಕಿಗಳು ಬರುತ್ತವೆ: ವೋಡ್ಕಾ 47 ಗ್ರಾಂ, ನೀರು 50, ಮೂಸಂಬಿ ರಸ 52, ಸಕ್ಕರೆ ಹಾಕದ ದಾಳಿಂಬೆ ರಸ 53, ದಾಳಿಂಬೆ ಪಾಕ 63. ಹೆಚ್ಚು ತೂಗಿದ್ದು ಕೆಳಗೆ, ಕಡಿಮೆ ತೂಗಿದ್ದು ಮೇಲೆ.

ಮೂಸಂಬಿ ಮತ್ತು ದಾಳಿಂಬೆ ರಸದ ನಡುವೆ ಇರುವ ಅಂತರ ಒಂದೇ ಗ್ರಾಂ. ದಾಳಿಂಬೆ ರಸವನ್ನು ಹಾಗೆಯೇ ತಳಕ್ಕೆ ಹಾಕಿ ಮೇಲೆ ಮೂಸಂಬಿ ಸುರಿದವರಿಗೆ ಪದರ ಸಿಗದೆ ಮಾಸಲು ಕಿತ್ತಳೆ ಬಣ್ಣದ ನೀರು ಸಿಗುವುದಕ್ಕೆ ಕಾರಣ ಇದೇ. ಪಾಕ ಮಾಡಿದರೆ ಅಂತರ ಹನ್ನೊಂದು ಗ್ರಾಂಗೆ ಏರುತ್ತದೆ. ಆಗ ಕೈ ಸ್ವಲ್ಪ ನಡುಗಿದರೂ ಗೆರೆ ಉಳಿಯುತ್ತದೆ.

ದಾಳಿಂಬೆ ಪಾಕ

ಮಧ್ಯಮ ಗಾತ್ರದ ಎರಡು ಹಣ್ಣು, ಅಂದರೆ ಸುಮಾರು ಅರ್ಧ ಕಿಲೋ, ಬೇಕು. ಕಾಳು ಕೆಂಪಗಿರುವ ಭಗವಾ ತಳಿಯೇ ಇದಕ್ಕೆ ಚೆನ್ನ. ಕಾಳು ಬಿಡಿಸಿ, ಬಿಳಿ ಪೊರೆ ಒಂದೂ ಉಳಿಯದಂತೆ ತೆಗೆದು, ಮಿಕ್ಸಿಯಲ್ಲಿ ಒಂದೆರಡು ಸಲ ಮಾತ್ರ ಗುಂಡಿ ಒತ್ತಿ ಬಿಡಿ. ನುಣ್ಣಗೆ ಅರೆದರೆ ಒಳಗಿನ ಬೀಜ ಒಡೆದು ರಸ ಒಗರಾಗುತ್ತದೆ, ಬಣ್ಣವೂ ಮಂಕಾಗುತ್ತದೆ. ತೆಳು ಬಟ್ಟೆಯಲ್ಲಿ ಹಿಂಡಿ ಸೋಸಿದರೆ 200 ಮಿ.ಲೀ. ಆಸುಪಾಸು ರಸ ಬರುತ್ತದೆ.

ರಸದ ತೂಕ ಎಷ್ಟಿದೆಯೋ ಅಷ್ಟೇ ತೂಕದ ಸಕ್ಕರೆ ಸೇರಿಸಿ, ಸ್ಟೀಲ್ ಪಾತ್ರೆಯಲ್ಲಿ ಸಣ್ಣ ಉರಿಯ ಮೇಲಿಡಿ. ಕಬ್ಬಿಣದ ಬಾಣಲೆ ಬೇಡ, ಹುಳಿ ರಸ ಕಬ್ಬಿಣಕ್ಕೆ ತಗಲಿದರೆ ಕೆಂಪು ಕಪ್ಪಾಗುತ್ತದೆ. ಸಕ್ಕರೆ ಕರಗುವವರೆಗೆ ಕೈಯಾಡಿಸಿದರೆ ಸಾಕು, ಐದಾರು ನಿಮಿಷದ ಕೆಲಸ. ಕುದಿ ಬರಬಾರದು. ಕುದಿಸಿದ ಪಾಕ ಕಂದು ತಿರುಗಿ ಜಾಮ್ ವಾಸನೆ ಬರುತ್ತದೆ, ತಾಜಾ ಹಣ್ಣಿನ ರುಚಿ ಹೋಗಿಬಿಡುತ್ತದೆ. ಒಲೆಯಿಂದ ಇಳಿಸಿ ಒಂದು ಚಮಚ ನಿಂಬೆರಸ ಹಿಂಡಿ; ಕೆಂಪು ತಟ್ಟನೆ ಬೆಳಗುವುದು ಕಣ್ಣಿಗೇ ಕಾಣುತ್ತದೆ. ತಣಿದ ಮೇಲೆ ಬಾಟಲಿಗೆ ಹಾಕಿ ಫ್ರಿಜ್‌ನಲ್ಲಿಡಿ, ಎರಡು ವಾರ ಇರುತ್ತದೆ. ಇಷ್ಟು ಪಾಕ ಹದಿನೈದು ಗ್ಲಾಸಿಗೆ ಬರುತ್ತದೆ.

ನೀಲಿ ವೋಡ್ಕಾ

ವೋಡ್ಕಾ ಯಾವ ಕಂಪನಿಯದ್ದಾದರೂ ನಡೆಯುತ್ತದೆ, ಹಣ್ಣಿನ ಸುವಾಸನೆ ಬೆರೆಸದ ಸಾದಾ ಆಗಿರಲಿ. ನಮ್ಮಲ್ಲಿ ಮಾರಾಟವಾಗುವ ಬಹುತೇಕ ವೋಡ್ಕಾದಲ್ಲಿ ಆಲ್ಕೊಹಾಲ್ ಶೇ 42.8 ಇರುತ್ತದೆ. ಪರವಾನಗಿ ಇರುವ ಅಂಗಡಿಯಲ್ಲೇ ಕೊಳ್ಳಿ, ಮುಚ್ಚಳದ ಸೀಲು ಮತ್ತು ಅಬಕಾರಿ ಚೀಟಿ ನೋಡಿಕೊಳ್ಳಿ. ಸೀಲು ಇಲ್ಲದ ಮಾಲು ಎಷ್ಟೇ ಅಗ್ಗಕ್ಕೆ ಸಿಕ್ಕರೂ ಮನೆಯೊಳಗೆ ತರಬೇಡಿ. ಮೆಥನಾಲ್ ಬೆರೆತ ಮದ್ಯ ಕಣ್ಣು ತೆಗೆಯುತ್ತದೆ, ಜೀವವನ್ನೂ ತೆಗೆಯುತ್ತದೆ, ಅದು ನಾಲಿಗೆಗೆ ಗೊತ್ತಾಗುವುದಿಲ್ಲ. ಕರ್ನಾಟಕದಲ್ಲಿ 21 ವರ್ಷ ತುಂಬದವರಿಗೆ ಮದ್ಯ ಮಾರುವಂತಿಲ್ಲ, ಮನೆಯ ಪಾರ್ಟಿಯಲ್ಲೂ ಅದೇ ಗೆರೆ ಹಾಕಿಕೊಳ್ಳಿ.

ಎಂಟು ಹತ್ತು ಶಂಖಪುಷ್ಪ (ಗಿರಿಕರ್ಣಿಕೆ ಎಂದರೂ ಇದೇ) ಕೊಯ್ದು, ಬುಡದ ಹಸಿರು ತೊಟ್ಟು ಚಿವುಟಿ, ತೊಳೆದು, ಬಟ್ಟೆಯ ಮೇಲೆ ಆರಲು ಬಿಡಿ. ತೊಟ್ಟು ಉಳಿದರೆ ಹಸಿ ಹುಲ್ಲಿನ ವಾಸನೆ ಹತ್ತುತ್ತದೆ. ರಸ್ತೆ ಬದಿಯ ಬಳ್ಳಿಯ ಹೂವೂ ಬೇಡ, ಪೂಜೆಗೆಂದು ಮಾರುವ ಹೂವೂ ಬೇಡ. ಔಷಧಿ ಹೊಡೆದಿಲ್ಲವೆಂದು ನಿಮಗೆ ಖಾತ್ರಿ ಇರುವ ಬಳ್ಳಿಯದೇ ಆಗಬೇಕು. 90 ಮಿ.ಲೀ. ವೋಡ್ಕಾದಲ್ಲಿ ಹೂ ಮುಳುಗಿಸಿ ಒಂದೆರಡು ತಾಸು ಬಿಟ್ಟರೆ ದಟ್ಟ ನೀಲಿ ಬರುತ್ತದೆ. ಸೋಸಿಕೊಳ್ಳಿ. ಇದು ಮೂರು ಗ್ಲಾಸಿಗೆ ಆಯಿತು.

ಇನ್ನೊಂದು ಮಾತು. 30 ಮಿ.ಲೀ. ವೋಡ್ಕಾ ಅಗಲ ಗ್ಲಾಸಿನಲ್ಲಿ ತೀರ ತೆಳ್ಳಗೆ ಕಾಣುತ್ತದೆ. ಅದಕ್ಕೆ 15 ಮಿ.ಲೀ. ತಣ್ಣೀರು ಬೆರೆಸಿದರೆ ಪದರ ದಪ್ಪವಾಗುತ್ತದೆ, ಘಾಟೂ ತಗ್ಗುತ್ತದೆ. ಹೀಗೆ ಬೆರೆಸಿದ್ದು 50 ಮಿ.ಲೀ.ಗೆ 48 ಗ್ರಾಂ ಚಿಲ್ಲರೆ ತೂಗುತ್ತದೆ, ಮೂಸಂಬಿಗಿಂತ ಇನ್ನೂ ಹಗುರವೇ. ನೀರು ಬೆರೆಸಿದ್ದನ್ನು ಫ್ರಿಜ್‌ನಲ್ಲಿಡಿ, ಫ್ರೀಜರ್‌ನಲ್ಲಿ ಬೇಡ: ಸಾದಾ ವೋಡ್ಕಾ ಮನೆಯ ಫ್ರೀಜರ್‌ನಲ್ಲಿ ಹೆಪ್ಪುಗಟ್ಟದು, ನೀರು ಬೆರೆಸಿದ್ದು ಗಟ್ಟಿಯಾಗಬಹುದು.

ಮೂಸಂಬಿ, ಐಸು

ಒಂದು ಗ್ಲಾಸಿಗೆ 120 ಮಿ.ಲೀ. ರಸ ಬೇಕು, ಎರಡು ಹಣ್ಣು ಸಾಕು. ಅಡ್ಡಕ್ಕೆ ಕೊಯ್ದು ಕೈಯಿಂದ ಹಿಂಡುವ ಹಿಂಡುಗದಲ್ಲೇ ತೆಗೆಯಿರಿ. ಬೀಜ ಸಮೇತ ಮಿಕ್ಸಿಗೆ ಹಾಕಿದರೆ ಕಹಿ. ಹಿಂಡಿ ಬಹಳ ಹೊತ್ತು ಇಟ್ಟರೂ ಮೂಸಂಬಿ ಕಹಿಯಾಗುತ್ತದೆ, ಹೀಗಾಗಿ ಅತಿಥಿಗಳು ಬಂದು ಕೂತ ಮೇಲೆ ಹಿಂಡಿದರೇ ಒಳ್ಳೆಯದು. ಹಣ್ಣನ್ನೇ ಮೊದಲು ಎರಡು ತಾಸು ಫ್ರಿಜ್‌ನಲ್ಲಿಟ್ಟಿದ್ದರೆ ರಸ ತಣ್ಣಗೇ ಬರುತ್ತದೆ. ಚಹಾ ಸೋಸುವ ಜಾಲರಿಯಲ್ಲಿ ಎರಡು ಸಲ ಸೋಸಿ, ಮೇಲಿನ ನೊರೆಯನ್ನು ಚಮಚದಿಂದ ತೆಗೆದುಬಿಡಿ. ತಿರುಳಿನ ಎಳೆ ಮತ್ತು ನೊರೆ ಎರಡೂ ಮೇಲಕ್ಕೇರಿ ನೀಲಿ ಪದರವನ್ನು ಕೆಡಿಸುತ್ತವೆ. ರಸಕ್ಕೆ ಸಕ್ಕರೆ ಹಾಕಬೇಡಿ, ಕೆಳಗಿನ ಪಾಕದಲ್ಲಿ ಬೇಕಾದಷ್ಟಿದೆ.

ಐಸಿನ ವಿಷಯವನ್ನು ನಮ್ಮ ಜಿಲ್ಲೆಗಳಲ್ಲಿ ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಎಷ್ಟೋ ಕಡೆ ಬೋರ್‌ವೆಲ್ ನೀರು ಗಡಸು, ಸವಳು. ಅದರ ಐಸು ಬೆಳ್ಳಗೆ ಮಸುಕಾಗಿರುತ್ತದೆ, ಕರಗಿದಂತೆ ಉಪ್ಪುಪ್ಪು ರುಚಿ ಬಿಡುತ್ತದೆ. ಶುದ್ಧ ಕುಡಿಯುವ ನೀರಿನ ಘಟಕದ ಕ್ಯಾನ್ ನೀರನ್ನೇ ಬಳಸಿ, ಒಮ್ಮೆ ಕುದಿಸಿ ಆರಿಸಿದರೆ ಇನ್ನಷ್ಟು ತಿಳಿಯಾದ ಐಸು ಬರುತ್ತದೆ. ಟ್ರೇಯ ಪುಟ್ಟ ತುಂಡುಗಳಿಗಿಂತ ಸಣ್ಣ ಬಟ್ಟಲಲ್ಲಿ ಹೆಪ್ಪುಗಟ್ಟಿಸಿದ ದೊಡ್ಡ ಗಡ್ಡೆ ನಿಧಾನ ಕರಗುತ್ತದೆ. ಏಪ್ರಿಲ್, ಮೇ ತಿಂಗಳ 40 ಡಿಗ್ರಿ ದಾಟುವ ಬಿಸಿಲಿಗೆ ಈ ವ್ಯತ್ಯಾಸ ದೊಡ್ಡದು. ಕರೆಂಟು ಕೈಕೊಡುವ ದಿನಗಳವು, ಹಿಂದಿನ ರಾತ್ರಿಯೇ ಐಸು ಮಾಡಿಟ್ಟುಕೊಳ್ಳಿ. ಮೀನು, ಹಾಲು ಸಾಗಿಸಲು ಮಾರುವ ಫ್ಯಾಕ್ಟರಿ ಐಸು ತಿನ್ನಲಿಕ್ಕೆ ಮಾಡಿದ್ದಲ್ಲ.

ಸುರಿಯುವುದು

300 ಮಿ.ಲೀ. ಹಿಡಿಯುವ, ನೇರ ಗೋಡೆಯ ಎತ್ತರದ ಗಾಜಿನ ಗ್ಲಾಸು ತೆಗೆದುಕೊಳ್ಳಿ. ಕೆಳಗೆ ಕಿರಿದಾಗಿ ಮೇಲೆ ಅಗಲವಾಗುವ ಗ್ಲಾಸಿನಲ್ಲಿ ಮೇಲಿನ ಪದರ ಹರಡಿ ತೆಳುವಾಗುತ್ತದೆ. ಅಳತೆಗೆ ಪೆಗ್ ಅಳೆಯುವ ಕಪ್ಪು ಇಲ್ಲವೆಂದರೆ ಅಡುಗೆಯ ಅಳತೆ ಚಮಚ ಸಾಕು: ಚಿಕ್ಕದು 5 ಮಿ.ಲೀ., ದೊಡ್ಡದು 15.

ಮೊದಲು ಪಾಕ, 20 ಮಿ.ಲೀ. ಗ್ಲಾಸಿನ ಗೋಡೆಗೆ ತಗಲದಂತೆ ಉದ್ದ ಚಮಚದಿಂದ ನೇರ ತಳಕ್ಕೆ ಇಳಿಸಿ. ಗೋಡೆಗೆ ಮೆತ್ತಿದ ಪಾಕ ಆಮೇಲೆ ರಸದೊಳಗೆ ಕೆಂಪು ಗೆರೆಗಳಾಗಿ ಜಾರುತ್ತದೆ. ನಂತರ ಐಸು, ಮೂರು ನಾಲ್ಕು ತುಂಡು, ಇಕ್ಕಳದಿಂದ ಒಂದೊಂದಾಗಿ. ಅದರ ಮೇಲೆ ಮೂಸಂಬಿ ರಸ: ಧಾರೆ ನೇರವಾಗಿ ಐಸಿನ ಮೇಲೆ ಬೀಳಲಿ, ಐಸು ಆ ರಭಸವನ್ನು ಮುರಿದು ಸುತ್ತ ಹರಿಸುತ್ತದೆ. ತಳದಿಂದ ಎರಡು ಬೆರಳಿನಷ್ಟು ತುಂಬುವವರೆಗೆ ಬಹಳ ನಿಧಾನ ಇರಬೇಕು, ಆಮೇಲೆ ಸ್ವಲ್ಪ ಬೇಗ ಸುರಿದರೂ ಕೆಳಗಿನ ಗೆರೆಗೆ ಏನೂ ಆಗದು. ಇಲ್ಲಿ ಅರ್ಧ ನಿಮಿಷ ನಿಲ್ಲಿ. ರಸದ ಸುಳಿ ನಿಲ್ಲಬೇಕು.

ಈಗ ನೀಲಿ. ಚಮಚವನ್ನು ಬೋರಲು ಮಾಡಿ, ಅದರ ತುದಿ ಗ್ಲಾಸಿನ ಒಳಗೋಡೆಗೂ ರಸದ ಮೇಲ್ಮೈಗೂ ಒಟ್ಟಿಗೆ ತಾಗುವಂತೆ ಹಿಡಿಯಿರಿ. ನೀರು ಬೆರೆಸಿದ 45 ಮಿ.ಲೀ. ವೋಡ್ಕಾವನ್ನು ಚಮಚದ ಬೆನ್ನಿನ ಮೇಲೆ ಎಳೆಯಂತೆ ಬಿಡಿ, ಮಟ್ಟ ಏರಿದಂತೆ ಚಮಚವನ್ನೂ ಏರಿಸುತ್ತ ಹೋಗಿ. ಮುಗಿಯಲು ಒಂದು ನಿಮಿಷ ಹಿಡಿದರೆ ಸರಿಯಾದ ವೇಗ. ಗ್ಲಾಸನ್ನು ಬೆಳಕಿಗೆ ಹಿಡಿದು ನೋಡಿ: ನೀಲಿ ಹಳದಿಗೆ ಕೂಡುವ ಕಡೆ ದಾರದಷ್ಟು ನೇರಳೆ ಗೆರೆ ಮೂಡಿರುತ್ತದೆ. ಶಂಖಪುಷ್ಪದ ಬಣ್ಣ ಹುಳಿ ತಗಲಿದ ಕೂಡಲೇ ನೇರಳೆಗೆ ತಿರುಗುವುದರಿಂದ ಇದು ತಾನಾಗಿ ಬರುತ್ತದೆ. ಮೇಲಿನ ಪದರವೆಲ್ಲ ನೇರಳೆಯಾಗಿದ್ದರೆ ಸುರಿದ ವೇಗ ಹೆಚ್ಚಾಯಿತು, ರಸ ಮೇಲಕ್ಕೆ ಕಲಕಿಬಂತು ಎಂದು ಅರ್ಥ.

ಹಾಗಾದರೆ ಅದನ್ನು ಸರಿಪಡಿಸಲು ಹೋಗಬೇಡಿ, ಚಮಚ ಆಡಿಸಿದಷ್ಟೂ ಕೆಡುತ್ತದೆ. ಮುಂದಿನ ಗ್ಲಾಸಿನಲ್ಲಿ ತಿದ್ದಿಕೊಳ್ಳಿ. ತಳದ ಕೆಂಪೇ ರಸಕ್ಕೆ ಏರುತ್ತಿದ್ದರೆ ಪಾಕ ತೆಳುವಾಗಿದೆ, ತೂಗಿ ನೋಡಿ, 50 ಮಿ.ಲೀ.ಗೆ 60 ಗ್ರಾಂಗಿಂತ ಕಡಿಮೆ ಬಂದರೆ ಇನ್ನಷ್ಟು ಸಕ್ಕರೆ ಬೇಕು. ಎಲ್ಲ ಸರಿಯಿದ್ದೂ ಐದೇ ನಿಮಿಷದಲ್ಲಿ ಗೆರೆ ಮಸುಕಾದರೆ ರಸ ತಣ್ಣಗಿರಲಿಲ್ಲ, ಐಸು ಬೇಗ ಕರಗಿ ನೀರು ಬಿಟ್ಟಿತು. ಸೋಡಾ ಹಾಕುವ ಆಸೆ ಬೇಡ, ಗುಳ್ಳೆ ಏಳುತ್ತ ಮೂರೂ ಪದರವನ್ನು ಕಲಸಿಬಿಡುತ್ತದೆ. ಚೆನ್ನಾಗಿ ಬಂದ ಗ್ಲಾಸೂ ಹತ್ತು ನಿಮಿಷದ ಚೆಲುವು. ಒಂದೇ ಸಲ ಆರು ಮಾಡಿ ಸಾಲಾಗಿ ಇಡುವ ಬದಲು ಎರಡೆರಡಾಗಿ ಮಾಡಿ ಕೊಡಿ.

ಮಾವಿನ ಕಾಲಕ್ಕೆ

ಮೇ ತಿಂಗಳಲ್ಲಿ ಕೊಪ್ಪಳದ ಕೇಸರ್ ಬಂದಾಗ ತಳಕ್ಕೆ ಮಾವು ಹಾಕಬಹುದು. 40 ಗ್ರಾಂ ತಿರುಳಿಗೆ ಒಂದು ಚಿಕ್ಕ ಚಮಚ ಸಕ್ಕರೆ ಕದಡಿ ಸೋಸಿ, ನೀರು ಸೇರಿಸಬೇಡಿ. ನಡುವಿಗೆ ಕಲ್ಲಂಗಡಿ ರಸ. ಕಲ್ಲಂಗಡಿಯಲ್ಲಿ ಸಕ್ಕರೆ ಕಡಿಮೆ, ಆದ್ದರಿಂದ ಮಾವಿನ ಮೇಲೆ ಸಲೀಸಾಗಿ ನಿಲ್ಲುತ್ತದೆ. ಆದರೆ ಇಟ್ಟರೆ ನೀರು ಬೇರೆ ತಿರುಳು ಬೇರೆಯಾಗುವ ರಸ ಅದು, ಮೂರು ಸಲ ಸೋಸಿ ಕೂಡಲೇ ಬಳಸಬೇಕು. ಇದರಲ್ಲಿ ಹುಳಿ ಇಲ್ಲದ್ದರಿಂದ ಶಂಖಪುಷ್ಪದ ನೇರಳೆ ಗೆರೆ ಮೂಡುವುದಿಲ್ಲ. ಸಾದಾ ಬಿಳಿ ವೋಡ್ಕಾವೇ ಮೇಲೆ ಇರಲಿ. ಬಳ್ಳಾರಿ ಅಂಜೂರ ಪದರಕ್ಕೆ ಒಗ್ಗುವ ಹಣ್ಣಲ್ಲ, ಬೀಜ ಮತ್ತು ತಿರುಳು ಸೋಸಲು ಬಾರದು. ಒಂದು ಬಿಲ್ಲೆ ಸೀಳಿ ಗ್ಲಾಸಿನ ಅಂಚಿಗೆ ಸಿಕ್ಕಿಸಿ, ಅಲ್ಲಿ ಅದು ಶೋಭಿಸುತ್ತದೆ.

ಕುಡಿಯುವ ಮುನ್ನ

ಕೈಗೆ ಕೊಡುವಾಗಲೇ ಹೇಳಿ: ನೋಡಿದ್ದಾದ ಮೇಲೆ ಕಲಕಿ ಕುಡಿಯಬೇಕು. ಕಲಕದೆ ಬಾಯಿಗಿಟ್ಟರೆ ಮೊದಲ ಗುಟುಕಿಗೆ ಬರುವುದು ಹೆಚ್ಚುಕಡಿಮೆ ಬರೀ ವೋಡ್ಕಾ, ಕೊನೆಗೆ ಉಳಿಯುವುದು ಬರೀ ಸಿಹಿ. ಕಲಕಿದ ಮೇಲೆ ಆಲ್ಕೊಹಾಲ್ ಶೇ 7ರ ಆಸುಪಾಸು ಇರುತ್ತದೆ. ಜ್ಯೂಸಿನಂತೆ ಇಳಿಯುವುದರಿಂದ ಲೆಕ್ಕ ತಪ್ಪುವುದು ಸುಲಭ. ಒಂದು ಗ್ಲಾಸಿನಲ್ಲಿ ಸುಮಾರು 10 ಗ್ರಾಂ ಶುದ್ಧ ಆಲ್ಕೊಹಾಲ್ ಇದೆ, ರಸ ಎಷ್ಟಿದ್ದರೂ ಅದು ಕಡಿಮೆಯಾಗುವುದಿಲ್ಲ. ಬೇಸಿಗೆಯಲ್ಲಿ ಪ್ರತಿ ಗ್ಲಾಸಿನ ಜೊತೆ ಒಂದು ಲೋಟ ನೀರು ಇಡಿ. ಸಕ್ಕರೆ ಕಾಯಿಲೆಯವರಿಗೆ, ನಿದ್ರೆ ಮಾತ್ರೆ ಇಲ್ಲವೇ ಮೆಟ್ರೊನಿಡಜೋಲ್ (ಸೋಂಕಿಗೆ ಕೊಡುವ ಒಂದು ಔಷಧ) ತೆಗೆದುಕೊಳ್ಳುತ್ತಿರುವವರಿಗೆ, ಗರ್ಭಿಣಿಯರಿಗೆ ಇದು ಬೇಡವೇ ಬೇಡ. ರಕ್ತದಲ್ಲಿ ಆಲ್ಕೊಹಾಲ್ 100 ಮಿ.ಲೀ.ಗೆ 30 ಮಿ.ಗ್ರಾಂ ದಾಟಿದರೆ ಗಾಡಿ ಓಡಿಸುವುದು ಅಪರಾಧ. ಇಷ್ಟು ಕುಡಿದರೆ ನಡೆಯುತ್ತದೆ ಎಂದು ಲೆಕ್ಕ ಹಾಕದೆ ಬೈಕಿನ ಕೀಲಿಯನ್ನೇ ತೆಗೆದಿಡಿ.

ಕುಡಿಯದವರಿಗೂ ಮಕ್ಕಳಿಗೂ ಇದೇ ಚೆಲುವಿನ ಗ್ಲಾಸು ಕೊಡಬಹುದು. ಹೂವನ್ನು ವೋಡ್ಕಾ ಬದಲು ಬಿಸಿನೀರಿನಲ್ಲಿ ಹತ್ತು ನಿಮಿಷ ನೆನೆಸಿ ಸೋಸಿ, ಫ್ರಿಜ್‌ನಲ್ಲಿ ತಣಿಸಿ. ನೀರು 50 ಗ್ರಾಂ, ಮೂಸಂಬಿ 52. ಅಂತರ ಚಿಕ್ಕದು, ಆದ್ದರಿಂದ ಚಮಚದ ಬೆನ್ನಿನ ಮೇಲೆ ಹನಿಹನಿಯಾಗಿ ಇಳಿಸಬೇಕು. ನೋಡಲು ಎರಡೂ ಒಂದೇ ಥರ ಇರುವುದರಿಂದ ಬೇರೆ ಆಕಾರದ ಗ್ಲಾಸು, ಬೇರೆ ತಟ್ಟೆ ಕಡ್ಡಾಯ.

ನೀಲಿ ವೋಡ್ಕಾ ಉಳಿದರೆ ಬಾಟಲಿಗೆ ಕಾಗದ ಸುತ್ತಿ, ಮಕ್ಕಳ ಕೈಗೆ ಸಿಗದ ಕತ್ತಲೆ ಕಪಾಟಿನಲ್ಲಿಡಿ. ಬೆಳಕಿಗಿಟ್ಟರೆ ಬಣ್ಣ ದಿನೇ ದಿನೇ ಮಾಸುತ್ತದೆ.